ಹಳೆ ಟ್ರಾಕ್ಟರಿಗೆ ನಾನು ಕೊಟ್ಟ ಬಲ

ಗುಡ್ಡದ ಏರಿನ ಅರ್ಧಕ್ಕೆ ಬರುವಾಗ ಆ ಟ್ರಾಕ್ಟರು ಒಂದು ಸಲ ಕೆಮ್ಮುತ್ತಿತ್ತು, ಇನ್ನೊಂದು ಸಲ ಮೈಯೆಲ್ಲ ನಡುಗಿಸುತ್ತಿತ್ತು, ಆಮೇಲೆ ನಿಂತೇ ಬಿಡುತ್ತಿತ್ತು. ಹಿಂದೆ ಸರಪಳಿಗೆ ಬಿಗಿದ ಮರದ ದಿಮ್ಮಿ ಕೆಸರಿನಲ್ಲಿ ಹೂತುಕೊಂಡು ಮಲಗಿರುತ್ತಿತ್ತು. ಸೀಟಿನ ಮೇಲಿದ್ದ ನನ್ನ ಭಾವ ಎರಡೂ ಕೈ ಎತ್ತಿ, ಆಗಲ್ಲಪ್ಪ ಎಂದು ಸನ್ನೆ ಮಾಡಿ ಇಳಿದುಬಿಡುತ್ತಿದ್ದರು. ದಿಮ್ಮಿ ಉರುಳಿಸುವ ಆಳುಗಳು ಇದನ್ನೇ ಕಾಯುತ್ತಿದ್ದವರಂತೆ ಎಲೆಅಡಿಕೆ ಚೀಲ ಬಿಚ್ಚಿ ಕೂರುತ್ತಿದ್ದರು. ನನಗೆ ಮಾತ್ರ ಮೈ ಉರಿದುಹೋಗುತ್ತಿತ್ತು. ನಾನು ಆ ಎಸ್ಟೇಟಿನ ಎಂಜಿನ್ ಮೆಕ್ಯಾನಿಕ್. ಒಂದು ಯಂತ್ರ ಎಲ್ಲರ ಎದುರು ಹೀಗೆ ಮುಖಭಂಗ ಮಾಡಿಕೊಂಡರೆ ಅದು ನನ್ನ ಮುಖಭಂಗವೇ ಎಂದು ತಿಳಿಯುವ ವಯಸ್ಸು. ಸಿಟ್ಟಂತೂ ನನಗೆ ಹುಟ್ಟಿನಿಂದಲೂ ಮೂಗಿನ ತುದಿಯಲ್ಲೇ.

ಅದು ಎರಡನೇ ಮಹಾಯುದ್ಧದ ಕಾಲ. ನಾವು ಉತ್ತರ ಕೊಡಗಿನ ಶನಿವಾರಸಂತೆ ಕಡೆಯವರು. ಅಕ್ಕನನ್ನು ಕೊಟ್ಟದ್ದು ನಾಪೋಕ್ಲಿನಿಂದ ಆಚೆಗಿದ್ದ ಈ ಕಾಫಿ ಎಸ್ಟೇಟಿನ ಡ್ರೈವರಿಗೆ. ನಾನು ಮೈಸೂರಿನ ಒಂದು ವರ್ಕ್‌ಶಾಪಿನಲ್ಲಿ ನಾಲ್ಕು ವರ್ಷ ಗ್ರೀಸು ಬಳಿದುಕೊಂಡು ಕೆಲಸ ಕಲಿತವನು. ಭಾವ ಎಸ್ಟೇಟಿನ ಬಿಳಿ ದೊರೆಯ ಹತ್ತಿರ ಮಾತಾಡಿ ನನ್ನನ್ನು ಅಲ್ಲಿಗೆ ಕರೆಸಿಕೊಂಡರು. ಆಳುಗಳ ಮನೆಸಾಲಾದ ಲೈನಿನ ಕೊನೆಯಲ್ಲಿ ಅವರಿಗೆ ಕೊಟ್ಟಿದ್ದ ಎರಡು ಕೋಣೆಯ ಮನೆಯಲ್ಲೇ ನನ್ನ ಊಟ, ನಿದ್ದೆ ಎಲ್ಲ. ನನಗೆ ಅನ್ನ ಕೊಟ್ಟದ್ದೂ ಕೆಲಸ ಕೊಡಿಸಿದ್ದೂ ಅವರೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ನಡೆದುಕೊಂಡ ರೀತಿ ಓದಿದರೆ ಇದು ಮರೆತುಹೋಗುತ್ತದೆ.

ಆ ವರ್ಷ ದೊರೆ ಮಿಲಿಟರಿಗೆ ಮರ ಒದಗಿಸುವುದಾಗಿ ಒಪ್ಪಿಕೊಂಡಿದ್ದ. ಹೊಳೆ ಬದಿಯ ಕಾಡಿನಲ್ಲಿ ಮರ ಕಡಿದದ್ದಾಗಿತ್ತು. ಅಲ್ಲಿಂದ ಮೇಲಿನ ರಸ್ತೆಗೆ ಎಳೆದು ತರುವುದೇ ಕಷ್ಟ. ಅಲ್ಲಿಯವರೆಗೆ ಆ ಕೆಲಸವನ್ನು ದುಬಾರೆ ಕಡೆಯಿಂದ ಬರುತ್ತಿದ್ದ ಆನೆಗಳು ಮಾಡುತ್ತಿದ್ದವು. ಈ ಸಲ ಆನೆಗಳೆಲ್ಲ ಸರ್ಕಾರದ ಕೆಲಸಕ್ಕೆ ಬೇರೆ ಕಾಡಿಗೆ ಹೋಗಿದ್ದವು. ನಮಗೆ ಸಿಕ್ಕಿದ್ದು ಆನೆ ಇಲ್ಲದ ಒಬ್ಬ ಮಾವುತ, ಕಾಡಿನ ಕುರುಬ ಮುದುಕ ಮಾತ್ರ. ದಿಮ್ಮಿಗೆ ಸರಪಳಿ ಹಾಕುವುದರಲ್ಲಿ ಅವನ ಕೈಯನ್ನು ಮೀರಿಸುವವರು ಆ ಸೀಮೆಯಲ್ಲಿ ಇರಲಿಲ್ಲ. ಆನೆಯ ಜಾಗಕ್ಕೆ ಬಂದದ್ದು ಶೆಡ್ಡಿನಲ್ಲಿ ಹದಿನೈದು ಇಪ್ಪತ್ತು ವರ್ಷದಿಂದ ಇದ್ದ, ಕಬ್ಬಿಣದ ಚಕ್ರದ ಈ ಸೀಮೆಎಣ್ಣೆ ಟ್ರಾಕ್ಟರು.

ಈಗಿನವರಿಗೆ ಹೇಳಿದರೆ ನಂಬಲಿಕ್ಕಿಲ್ಲ, ಅದಕ್ಕೆ ಬ್ರೇಕೇ ಇರಲಿಲ್ಲ. ಇದ್ದದ್ದು ಒಂದು ಕ್ಲಚ್ಚು. ಅದೂ ಎಣ್ಣೆಯಲ್ಲಿ ಮುಳುಗಿದ್ದು, ಎಣ್ಣೆ ತಣ್ಣಗಿದ್ದರೆ ತುಳಿದ ತಕ್ಷಣ ಬಿಡುತ್ತಿರಲಿಲ್ಲ. ಸೀಟು ಅಂದರೆ ಹಿಂದಿನ ಎರಡು ದೊಡ್ಡ ಚಕ್ರಗಳ ನಡುವೆ ಒಂದು ಕಬ್ಬಿಣದ ಪಟ್ಟಿಯ ತುದಿಗೆ ಕೂರಿಸಿದ ತಗಡು. ಅದರ ಮೇಲೆ ಗೋಣಿಚೀಲ ಮಡಿಚಿ ಹಾಕಿಕೊಂಡು ಭಾವ ಕೂರುತ್ತಿದ್ದರು.

ಒಂದು ಬೆಳಿಗ್ಗೆ ದೊರೆ ಕುದುರೆಯಿಂದ ಇಳಿದವನೇ ಸೀದಾ ಶೆಡ್ಡಿಗೆ ಬಂದ. ಜೊತೆಗೆ ಲೆಕ್ಕ ಬರೆಯುವ ರೈಟರ್. ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಶುರುವಾದರೆ ಆಳುಗಳೆಲ್ಲ ತೋಟಕ್ಕೆ ಬೇಕು, ಅಷ್ಟರಲ್ಲಿ ದಿಮ್ಮಿಗಳು ರಸ್ತೆಯಲ್ಲಿರಬೇಕು, ಈ ಎಂಜಿನ್ನಿನ ಹಾರ್ಸ್‌ಪವರ್ ಹೆಚ್ಚಿಸಲು ಆಗುತ್ತದೋ ಇಲ್ಲವೋ ಎಂದು ತನ್ನ ಮುರುಕು ಕನ್ನಡದಲ್ಲಿ ಕೇಳಿದ. ಅವನ ಮಾತು ಮುಗಿಯುವ ಮೊದಲೇ ನಾನು ಆಗುತ್ತದೆ ಎಂದೆ. ಮಾಡಿ ತೋರಿಸಿದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್ ಮನೆಯ ಎಂಜಿನ್ನುಗಳೂ ನಿನ್ನ ಉಸ್ತುವಾರಿಗೇ ಬರುತ್ತವೆ ಎಂದ ದೊರೆ. ನಾನು ಅಲ್ಲೇ ಒಂದು ಗೇಣು ಉದ್ದವಾದೆ. ದೊರೆ ಹೋದ ಮೇಲೆ ಪಕ್ಕದಲ್ಲಿದ್ದ ಭಾವ ಗೋಣಿಚೀಲ ಕೊಡವುತ್ತ, ಈಗೇನು ತೊಂದರೆ ಎಂದು ಕೇಳಿದರು. ಭಾರ ಹೆಚ್ಚಾದರೆ ಅದು ನಿಲ್ಲುತ್ತದೆ, ಅದು ನಿಂತರೆ ನಾನು ಇಳಿದು ಬರುತ್ತೇನೆ, ಬದಲಿಗೆ ಸಣ್ಣ ದಿಮ್ಮಿ ಕಟ್ಟಿದರಾಯಿತು ಎಂದರು. ನನಗೆ ನಗು ಬಂತು. ಡ್ರೈವರ್ ಬುದ್ಧಿ ಸ್ಟಿಯರಿಂಗ್‌ನಿಂದ ಆಚೆಗೆ ಹೋಗುವುದಿಲ್ಲ ಎಂದುಕೊಂಡೆ.

ಅಂದು ಊಟಕ್ಕೆ ಕೂತಾಗ ಅಕ್ಕನಿಗೆ ನನ್ನ ಪರಾಕ್ರಮವನ್ನೆಲ್ಲ ಕೊಚ್ಚಿಕೊಂಡೆ. ಅವಳು ಹುರುಳಿ ಸಾರು ಬಡಿಸುತ್ತ ಕೇಳಿಸಿಕೊಂಡಳು. ಭಾವ ಕೈ ತೊಳೆಯಲು ಹಿತ್ತಲಿಗೆ ಹೋದಾಗ ಸೌಟು ಕೆಳಗಿಟ್ಟಳು.

"ಆ ಸೀಟಿನ ಮೇಲೆ ಕೂರೋರು ನಿನ್ ಭಾವ ಕಣೋ. ನೀನೇನ್ ಮಾಡಿದ್ರೂ ಅದೊಂದು ತಲೇಲಿ ಇಟ್ಕೊಂಡು ಮಾಡು."

ಆಯಿತು ಬಿಡೇ ಎಂದೆ. ಎಷ್ಟು ಸುಲಭವಾಗಿ ಅಂದುಬಿಟ್ಟೆ.

ಮೂರು ಮರದ ಕಂಬ ನೆಟ್ಟು, ರಾಟೆ ಕಟ್ಟಿ ಎಂಜಿನ್ನನ್ನು ಬಿಚ್ಚಿದೆವು. ಬಿಚ್ಚಿದಾಗ ಕಂಡದ್ದು ನೋಡಿ, ದೊರೆಗೆ ದುಡುಕಿ ಮಾತು ಕೊಟ್ಟೆನೆಂದು ಗೊತ್ತಾಯಿತು. ಪಿಸ್ಟನ್ ಓಡಾಡುವ ನಾಲ್ಕು ಸಿಲಿಂಡರುಗಳೂ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿದ್ದವು. ಉರಿದ ಅನಿಲದ ಅರ್ಧ ಬಲ ಪಕ್ಕದಿಂದಲೇ ಸೋರಿ ಹೋಗುತ್ತಿತ್ತು. ವಾಲ್ವುಗಳ ಅಂಚು ಇಲಿ ಕಡಿದ ರೊಟ್ಟಿಯಂತಿತ್ತು. ಬ್ಲಾಕನ್ನು ಹುಲ್ಲಿನಲ್ಲಿ ಸುತ್ತಿ, ಮೈಸೂರಿಗೆ ಹೋಗುವ ಲಾರಿಯಲ್ಲಿ ಹಾಕಿ ನನ್ನ ಹಳೆ ವರ್ಕ್‌ಶಾಪಿಗೆ ಕಳಿಸಿದೆ. ಸಿಲಿಂಡರುಗಳನ್ನು ಕೊರೆದು ಅಗಲ ಮಾಡಿ ಕೊಡಿ ಎಂದು ಚೀಟಿ ಬರೆದೆ. ಅಪ್ಪಚ್ಚಿಯಾದ ಒಂದು ಮಿಲಿಟರಿ ಲಾರಿಯ ಪಿಸ್ಟನ್‌ಗಳು ಅಲ್ಲೇ ಸಿಕ್ಕಿದವು. ಹಳೆಯವಕ್ಕಿಂತ ದಪ್ಪ, ಆದರೆ ಎತ್ತಿದರೆ ಹಗುರ. ಬ್ಲಾಕು ವಾಪಸ್ ಬರುವವರೆಗೆ ನಾನು ಮುಳ್ಳಿನ ಮೇಲೆ ಕೂತವನಂತೆ ಇದ್ದೆ. ದೊರೆ ಎರಡು ದಿನಕ್ಕೊಮ್ಮೆ ಶೆಡ್ಡಿನ ಬಾಗಿಲಿಗೆ ಬಂದು, ಏನೂ ಕೇಳದೆ, ನೋಡಿ ಹೋಗುತ್ತಿದ್ದ. ಕೇಳಿದ್ದರೇ ವಾಸಿಯಿತ್ತು.

ಆ ಸಮಯದಲ್ಲಿ ನಾನು ಮಾಡಿದ ಕೆಲಸ ಹೆಡ್ಡನ್ನು ತೇಯುವುದು. ಹೆಡ್ಡು ಅಂದರೆ ಸಿಲಿಂಡರುಗಳ ಬಾಯಿ ಮುಚ್ಚುವ ಕಬ್ಬಿಣದ ಮುಚ್ಚಳ. ಅದರ ತಳ ತೇದು ತೆಳುವಾದಷ್ಟೂ ಒಳಗಿನ ಜಾಗ ಕಿರಿದಾಗುತ್ತದೆ, ಜಾಗ ಕಿರಿದಾದಷ್ಟೂ ಅನಿಲ ಬಿಗಿಯಾಗಿ ಒತ್ತಿಕೊಂಡು, ಹೊತ್ತಿದಾಗ ಒದೆತ ಹೆಚ್ಚು. ಅದನ್ನು ತೇಯುವ ಯಂತ್ರ ನಮ್ಮಲ್ಲಿ ಎಲ್ಲಿಂದ ಬರಬೇಕು? ದೊರೆಯ ಬಂಗಲೆಯಲ್ಲಿ ಒಡೆದ ಮೇಜಿನ ದಪ್ಪ ಗಾಜೊಂದು ಬಿದ್ದಿತ್ತು. ಅದರ ಮೇಲೆ ಎಣ್ಣೆ ಕಲಸಿದ ಎಮರಿ ಪುಡಿ ಹರಡಿ, ಹೆಡ್ಡನ್ನು ಬೋರಲು ಇಟ್ಟು, ಆ ಕಡೆ ಒಬ್ಬ ಈ ಕಡೆ ಒಬ್ಬ ಹಿಡಿದು ತಳ್ಳಬೇಕು, ಎಳೆಯಬೇಕು. ದಿನವೆಲ್ಲ ತೇದರೆ ಕೂದಲೆಳೆಯಷ್ಟು ಸವೆಯುತ್ತಿತ್ತು. ಆ ಕಡೆ ಹಿಡಿದವರು ಭಾವ. ಹಗಲೆಲ್ಲ ಎತ್ತಿನ ಗಾಡಿಯ ಜೊತೆ ದುಡಿದು, ಸಂಜೆ ಬಂದು ನನ್ನ ಎದುರು ಕುಕ್ಕರಗಾಲಲ್ಲಿ ಕೂತು ಹೆಡ್ಡು ತೇಯುತ್ತಿದ್ದರು. ಸಾಕಲ್ಲವಾ ಎಂದು ದಿನಾ ಕೇಳುವರು. ಇನ್ನೂ ಒಂದಿಷ್ಟು ಎಂದು ದಿನಾ ನಾನು ಹೇಳುವೆ. ಮೈಸೂರಿನಲ್ಲಿ ನನ್ನ ಮೇಸ್ತ್ರಿ ಹಾಕಿಕೊಟ್ಟಿದ್ದ ಅಳತೆಯನ್ನು ನಾನು ಎಂದೋ ದಾಟಿದ್ದೆ. ಭಾವನಿಗೆ ಅದು ಗೊತ್ತಿರಲಿಲ್ಲ.

ಬ್ಲಾಕು ಬಂತು. ಜೋಡಿಸಿದೆ. ದೊರೆ ಹೇಗೋ ಪೆಟ್ರೋಲಿಗೆ ಪರ್ಮಿಟ್ ತಂದಿದ್ದರಿಂದ ಸೀಮೆಎಣ್ಣೆ ಬಿಟ್ಟು ಪೆಟ್ರೋಲಿಗೆ ಹೊಂದುವಂತೆ ಕಾರ್ಬುರೇಟರು ಬದಲಿಸಿದೆ. ಎಂಜಿನ್ ಒಂದು ಮಿತಿಗಿಂತ ಜೋರಾಗಿ ತಿರುಗದಂತೆ ತಡೆಯುವ ಗವರ್ನರ್ ಅಂತ ಒಂದಿರುತ್ತದೆ, ಅದರ ಸ್ಪ್ರಿಂಗನ್ನೂ ಬಿಗಿದೆ. ಹ್ಯಾಂಡಲ್ ಹೊಡೆದು ಚಾಲೂ ಮಾಡಿದ ದಿನ ಶೆಡ್ಡಿನ ತಗಡೆಲ್ಲ ಗಡಗಡ ಅಂದವು. ಆ ಸದ್ದು ಕೇಳಿ ಲೈನಿನ ಹೆಂಗಸರು ಒಲೆ ಬಿಟ್ಟು ಬಂದರು. ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ. ಸತ್ತಂತಿದ್ದ ಮುದಿ ಎಂಜಿನ್ ಪ್ರಾಯದ ಗೂಳಿಯ ಹಾಗೆ ಗುಟುರು ಹಾಕುತ್ತಿತ್ತು. ನಾನು ಮಾಡಿದ್ದು, ನನ್ನ ಕೈ ಮಾಡಿದ್ದು ಎಂದು ನೋಡಿದವರಿಗೆಲ್ಲ ಕೂಗಿ ಹೇಳಬೇಕೆನಿಸಿತು. ಹೇಳಿದೆ ಕೂಡ.

ಮರುದಿನ ಹೊಳೆ ಬದಿಯ ಬಯಲಿನಲ್ಲಿ ಮಧ್ಯಮ ಗಾತ್ರದ ಒಂದು ದಿಮ್ಮಿ ಕಟ್ಟಿ ಪರೀಕ್ಷೆ ಮಾಡಿದೆವು. ಸರಪಳಿ ಹಾಕಿದವನು ಕುರುಬ ಮುದುಕ. ಹೇಗೆ ಹಾಕುತ್ತಿದ್ದ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಆನೆಗೆ ದಿಮ್ಮಿ ಕಟ್ಟುವಾಗ ಸರಪಳಿಯನ್ನು ಎತ್ತರದಲ್ಲಿ ಕಟ್ಟುತ್ತಾರೆ, ಆಗ ದಿಮ್ಮಿಯ ಮೂತಿ ನೆಲ ಬಿಟ್ಟು ಏಳುತ್ತದೆ, ಬೊಡ್ಡೆಗೂ ಕಲ್ಲಿಗೂ ಸಿಕ್ಕುವುದಿಲ್ಲ. ನಮ್ಮ ಕಡೆ ದಿಮ್ಮಿ ಎಳೆಯುವುದೆಂದರೆ ಹೀಗೆಯೇ. ಟ್ರಾಕ್ಟರಿನ ತಳದಲ್ಲಿ, ಮೊಣಕಾಲಿಗಿಂತ ಕೆಳಗೆ, ಎಳೆಯಲೆಂದೇ ಕೊಟ್ಟಿದ್ದ ಒಂದು ಕೊಂಡಿ ಇತ್ತು. ಅಷ್ಟು ಕೆಳಗೆ ಕಟ್ಟಿದರೆ ದಿಮ್ಮಿ ನೆಲ ಉಳುತ್ತದೆ ಎಂದು ನಾವೆಲ್ಲ ನಕ್ಕು, ಸೀಟಿನ ಹಿಂದೆ ಎದೆಮಟ್ಟದಲ್ಲಿ ಒಂದು ದಪ್ಪ ಕಬ್ಬಿಣದ ಕೊಕ್ಕೆಯನ್ನು ಆಚಾರಿಯ ಕೈಲಿ ಹಾಕಿಸಿದ್ದೆವು. ಮುದುಕ ಹೇಳಿದ್ದೂ ಅದನ್ನೇ, ಭಾವ ಒಪ್ಪಿದ್ದೂ ಅದನ್ನೇ, ನಾಲ್ಕು ವರ್ಷ ಎಂಜಿನ್ ಕಲಿತ ಮಹಾ ಬುದ್ಧಿವಂತನಾದ ನಾನು ಅಳತೆ ಹಾಕಿಕೊಟ್ಟಿದ್ದೂ ಅದನ್ನೇ.

ಟ್ರಾಕ್ಟರು ದಿಮ್ಮಿಯನ್ನು ಬೆಂಕಿಪೊಟ್ಟಣ ಎಳೆದಂತೆ ಎಳೆಯಿತು. ಆಳುಗಳು ಹೋ ಎಂದರು. ಬಯಲಿನ ಕೊನೆಯಲ್ಲಿ ದಿಮ್ಮಿ ಒಂದು ಬದುವಿಗೆ ತಾಗಿ ಒಂದು ಕ್ಷಣ ಬಿಗಿಯಿತು. ಆಗ ನಾನು ನೋಡಿದೆ, ಮುಂದಿನ ಎರಡು ಚಕ್ರಗಳೂ ನೆಲ ಬಿಟ್ಟಿದ್ದವು. ಚಕ್ರದ ಕೆಳಗೆ ಹುಲ್ಲು ಮತ್ತೆ ತಲೆಯೆತ್ತಿದ್ದು ಕಾಣಿಸಿತು. ಬದು ಒಡೆದು ದಿಮ್ಮಿ ಬಿಡಿಸಿಕೊಂಡಿತು, ಚಕ್ರಗಳು ಧೊಪ್ಪನೆ ಕೆಳಗೆ ಬಿದ್ದವು. ಎಲ್ಲ ಸೇರಿ ಕಣ್ಣು ಮಿಟುಕಿಸುವಷ್ಟು ಹೊತ್ತು.

ಭಾವ ಎಂಜಿನ್ ನಿಲ್ಲಿಸಿ ಇಳಿದು ಬಂದರು. ಮುಖ ಬಿಳಿಚಿಕೊಂಡಿತ್ತು.

"ಮುಂದ್ಲ ಕಡೆ ಹಗೂರಾಗೈತೆ ಕಣೋ. ಏರಲ್ಲಿ ಹಿಂಗೆ ಎದ್ರೆ ಇದು ಹಿಂದಕ್ಕೆ ಮಗುಚ್ಕತ್ತದೆ. ನಾನು ಕೆಳಗಿರ್ತೀನಿ."

ಮುಂದೆ ಭಾರಕ್ಕೆ ಒಂದು ರೈಲು ಕಂಬಿಯ ತುಂಡೋ, ಕಲ್ಲು ತುಂಬಿದ ಪೆಟ್ಟಿಗೆಯೋ ಕಟ್ಟಿಕೊಡು ಎಂದು ಕೇಳಿದರು. ಎರಡು ದಿನದ ಕೆಲಸ. ಪಿಕ್ಕಿಂಗಿಗೆ ವಾರವೂ ಇರಲಿಲ್ಲ. ಜೊತೆಗೆ ಅಷ್ಟೊಂದು ಜನ ಹೋ ಎಂದ ಮೇಲೆ ನನ್ನ ಎಂಜಿನ್ನಿಗೆ ಕಲ್ಲಿನ ಪೆಟ್ಟಿಗೆ ಕಟ್ಟುವುದೇ? ನನಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ತು ಜನ ಆಳುಗಳು ಕೇಳುವ ಹಾಗೆ ಹೇಳಿದೆ.

"ಕುದುರೆ ಬಲ ಬೇಕು ಅಂದೋರು ಅದು ಮುಂಗಾಲು ಎತ್ತಿದ್ರೆ ಉಚ್ಚೆ ಹೊಯ್ಕೋಬಾರ್ದು ಭಾವ. ಭಯ ಆದ್ರೆ ಹೇಳಿ, ಗಾಡಿ ಹೊಡೆಯೋಕೆ ಎತ್ತುಗಳಿದಾವೆ."

ಯಾರೋ ಕಿಸಕ್ಕನೆ ನಕ್ಕರು. ಭಾವ ಗೋಣಿಚೀಲ ಎತ್ತಿಕೊಂಡು ಹೋದರು. ನಾನು ಕಿರಿಯ. ಅವರ ಮನೆಯಲ್ಲಿ ಉಣ್ಣುವವನು. ಅಕ್ಕನ ಗಂಡನಿಗೆ ಆಳುಗಳ ಎದುರು ಇಂಥ ಮಾತು ಆಡಿದವನ ನಾಲಿಗೆ ಸೀಳಬೇಕಿತ್ತು. ಆವತ್ತು ಮಾತ್ರ ನನಗೆ ಗೆದ್ದಂತೆ ಅನಿಸಿತು.

ಇಷ್ಟು ದಿನ ಆ ಏರಿನಲ್ಲಿ ಭಾವನನ್ನು ಕಾಯುತ್ತಿದ್ದದ್ದು ಆ ಎಂಜಿನ್ನಿನ ಸೋಮಾರಿತನ. ಭಾರ ಹೆಚ್ಚಾದರೆ ಅದು ಮೇಲೇಳುವ ಮೊದಲೇ ಸಾಯುತ್ತಿತ್ತು. ನಾನು ಅದರ ಸೋಮಾರಿತನ ತೆಗೆದುಹಾಕಿದ್ದೆ. ಇದು ನನಗೆ ಆಗ ಹೊಳೆದಿರಲಿಲ್ಲ ಎಂದು ಹೇಳಿ ಪಾರಾಗಬಹುದು, ಆದರೆ ಅದು ಪೂರ್ತಿ ನಿಜವಲ್ಲ. ಚಕ್ರದ ಕೆಳಗೆ ಹುಲ್ಲು ಕಂಡ ಮೇಲೆ ಭಾವ ಹೇಳಿದ್ದು ನಿಜವಿರಬಹುದೆಂಬ ಅನುಮಾನ ಎದ್ದಿತ್ತು. ಅದನ್ನು ನಾನೇ ಬೈದು ಸುಮ್ಮನಿರಿಸಿದ್ದೆ.

ಎರಡು ದಿನ ನಾನು ಭಾವ ಇಬ್ಬರೂ ಒಂದೇ ಸಾಲಿನಲ್ಲಿ ಕೂತು, ಒಬ್ಬರ ಮುಖ ಒಬ್ಬರು ನೋಡದೆ ಉಂಡೆವು. ಅಕ್ಕ ನನ್ನನ್ನು ಕೇಳಿದಳು, ಭಾವನನ್ನು ಕೇಳಿದಳು, ಏನೂ ಇಲ್ಲ ಎಂಬುದೇ ಇಬ್ಬರ ಉತ್ತರ. ಬೆಳಿಗ್ಗೆ ಭಾವ ಹೊರಟಾಗ ಅವಳು ಬಾಗಿಲಿಗೆ ಬಂದು, ಲೈನಿನ ತಿರುವಿನವರೆಗೂ ಅವರ ಬೆನ್ನನ್ನೇ ನೋಡುತ್ತ ನಿಲ್ಲುತ್ತಿದ್ದಳು. ಹಿಂದೆ ಹಾಗೆ ಮಾಡುತ್ತಿರಲಿಲ್ಲ. ನನಗೆ ಅದಕ್ಕೂ ಸಿಟ್ಟು ಬಂತು. ನಾನು ಎಂಜಿನ್ ರಿಪೇರಿ ಮಾಡಿದ್ದೇನೆ, ಇವರೆಲ್ಲ ನಾನೇನೋ ಕೊಲೆ ಮಾಡಲು ಹೊರಟವನ ಹಾಗೆ ನೋಡುತ್ತಾರಲ್ಲ ಎಂದು ಒಳಗೇ ಗೊಣಗಿಕೊಂಡೆ.

ಮೂರನೇ ದಿನ ಏರಿನ ಕೆಲಸ. ದೊರೆ ಮೇಲೆ ರಸ್ತೆಯ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಕೆಳಗೆ ಬಿದ್ದಿದ್ದದ್ದು ನಂದಿ ಮರದ ದಿಮ್ಮಿ, ಅದರ ಸುತ್ತಳತೆಗೆ ಇಬ್ಬರು ಕೈ ಚಾಚಿದರೂ ಸಾಲದು. ಹಿಂದಿನ ವರ್ಷ ಎರಡು ಆನೆ ಹೂಡಿಯೂ ಬಿಟ್ಟುಹೋದ ದಿಮ್ಮಿ ಅದು. ಮೊದಲು ಸಣ್ಣದು ಎಳೆಯೋಣ ಎಂದು ಮುದುಕ ಹೇಳಿದ. ನಾನು ಬೇಡ, ಇದನ್ನೇ ಕಟ್ಟು ಎಂದೆ. ದೊರೆ ನೋಡುವಾಗ ಸಣ್ಣದನ್ನು ಎಳೆದು ಏನು ತೋರಿಸುವುದು? ಮುದುಕ ಸರಪಳಿಯನ್ನು ದಿಮ್ಮಿಗೆ ಎರಡು ಸುತ್ತು ಹಾಕಿ, ಎತ್ತರದ ಕೊಕ್ಕೆಗೆ ಸಿಕ್ಕಿಸಿದ. ಭಾವ ಬಂದು ಸೀಟಿನ ಮೇಲೆ ಕೂತರು. ನನ್ನ ಕಡೆ ನೋಡಲಿಲ್ಲ. ಅವರು ಯಾವ ಕಾಲದಲ್ಲೂ ಹೆದರುವ ಪೈಕಿಯಲ್ಲ. ಅವತ್ತು ಅವರು ಹತ್ತಿದ್ದು ನನ್ನ ಮಾತಿಗಾಗಿ, ಯಾರೋ ಕಿಸಕ್ಕನೆ ನಕ್ಕದ್ದಕ್ಕಾಗಿ.

ಮಳೆ ನಿಂತು ಹತ್ತು ದಿನವಾಗಿದ್ದರೂ ಏರು ಜಾರುತ್ತಿತ್ತು. ಟ್ರಾಕ್ಟರು ಹೊರಟಿತು. ಚಕ್ರದ ಕಬ್ಬಿಣದ ಹಲ್ಲುಗಳು ಮಣ್ಣನ್ನು ಹೆಂಟೆ ಹೆಂಟೆಯಾಗಿ ಹಿಂದಕ್ಕೆ ಎಸೆದವು. ದಿಮ್ಮಿ ಅಲುಗಿತು. ಆಮೇಲೆ, ಯಾರೂ ನಂಬದಿದ್ದದ್ದು, ಅದು ಮೆಲ್ಲಗೆ ಹತ್ತತೊಡಗಿತು. ನಾನು ಪಕ್ಕದಲ್ಲಿ, ಹತ್ತು ಮಾರು ದೂರದಲ್ಲಿ, ಕೈಯಲ್ಲಿ ಸ್ಪ್ಯಾನರ್ ಹಿಡಿದು ಜೊತೆಜೊತೆಗೆ ಹತ್ತುತ್ತಿದ್ದೆ. ನನ್ನ ಕಿವಿಯೆಲ್ಲ ಎಂಜಿನ್ ಮೇಲೆ. ನಾಲ್ಕೂ ಸಿಲಿಂಡರುಗಳು ಒಂದೇ ಸಮ ಹೊಡೆಯುತ್ತಿದ್ದವು. ಹಿಂದೆ ಅದು ಕೆಮ್ಮಿ ನಿಲ್ಲುತ್ತಿದ್ದ ಜಾಗ ಬಂತು. ಕೆಮ್ಮಲಿಲ್ಲ. ಆ ಜಾಗ ದಾಟಿತು. ನಾನು ಮೇಲೆ ದೊರೆಯ ಕಡೆ ನೋಡಿದೆ. ಅವನು ಕುರ್ಚಿಯಿಂದ ಎದ್ದು ನಿಂತಿದ್ದ.

ಅಲ್ಲಿಂದ ಇಪ್ಪತ್ತು ಮಾರು ಮೇಲೆ ದಿಮ್ಮಿಯ ಬುಡ ನೆಲದೊಳಗಿನ ಯಾವುದೋ ಬೊಡ್ಡೆಗೆ ಸಿಕ್ಕಿತು. ಸರಪಳಿ ಟಣ್ ಎಂದು ಬಿಗಿಯಿತು. ಎಂಜಿನ್ ಸದ್ದು ಒಂದಿಷ್ಟೂ ಕುಗ್ಗಲಿಲ್ಲ. ಹಿಂದಿನ ಚಕ್ರಗಳು ಕಚ್ಚಿ ನಿಂತವು, ದಿಮ್ಮಿ ಬರಲಿಲ್ಲ, ಬಲ ಎಲ್ಲಿಗಾದರೂ ಹೋಗಬೇಕಲ್ಲ, ಟ್ರಾಕ್ಟರಿನ ಮೂತಿ ಮೇಲೆದ್ದಿತು. ಗೇಣು, ಮೊಳ, ಎದೆಮಟ್ಟ. ಭಾವ ಕ್ಲಚ್ಚು ತುಳಿದದ್ದು ನನಗೆ ಕಾಣಿಸಿತು, ಮೈಯ ಭಾರವೆಲ್ಲ ಕಾಲಿನ ಮೇಲೆ ಹಾಕಿ ತುಳಿದರು. ಅದು ಬಿಡಲಿಲ್ಲ. ಟ್ರಾಕ್ಟರಿನ ಹೊಟ್ಟೆ ಪೂರ್ತಿ ಕಾಣುವಷ್ಟು ಅದು ನೆಟ್ಟಗಾಯಿತು. ಆಳುಗಳು ದಿಕ್ಕಾಪಾಲಾಗಿ ಓಡಿದರು. ನನ್ನ ಕಾಲು ನೆಲಕ್ಕೆ ಅಂಟಿಕೊಂಡಿತ್ತು.

ಅಷ್ಟರಲ್ಲಿ ಸದ್ದು ನಿಂತಿತು. ಕತ್ತರಿಸಿದ ಹಾಗೆ, ಒಂದೇ ಏಟಿಗೆ. ಟ್ರಾಕ್ಟರು ಗಾಳಿಯಲ್ಲಿ ಒಂದು ಗಳಿಗೆ ಆಚೆಗೋ ಈಚೆಗೋ ಎಂದು ತೂಗಿ, ಮುಂದಕ್ಕೆ ಅಪ್ಪಳಿಸಿತು. ನೆಲ ಅದುರಿತು.

ಆಗ ನನ್ನ ಕಾಲಿಗೆ ಜೀವ ಬಂತು. ಓಡಿದೆ. ಎಲ್ಲರಿಗಿಂತ ಮೊದಲು ಓಡಿದವನು ನಾನೇ. ಬೇರಿಂಗು ಹಿಡಿದುಕೊಂಡಿತು, ಪಿಸ್ಟನ್ ಒಡೆಯಿತು, ತೇದದ್ದು ಹೆಚ್ಚಾಗಿ ಹೆಡ್ಡು ಸೀಳಿತು, ದೊರೆಯ ಎದುರಿಗೇ ಹೀಗಾಯಿತಲ್ಲ, ತಲೆಯಲ್ಲಿ ಇದ್ದದ್ದು ಇಷ್ಟೇ. ಸೀದಾ ಎಂಜಿನ್ ಹತ್ತಿರ ಹೋಗಿ ಹೆಡ್ಡಿನ ಮೇಲೆ ಅಂಗೈ ಇಟ್ಟೆ. ಚುರ್ ಎಂದಿತು. ಬಗ್ಗಿ ಬ್ಲಾಕಿನ ಪಕ್ಕ ಸವರಿ, ಬಿರುಕು ಬಿಟ್ಟಿದೆಯೇ ಎಂದು ಹುಡುಕಿದೆ. ಮ್ಯಾಗ್ನೆಟೊದಿಂದ ಕಿಡಿ ತರುವ ತಂತಿ ಕಿತ್ತು ಜೋತಾಡುತ್ತಿತ್ತು. ಅದರ ತುದಿಗೆ ಒಂದು ಹುರಿ ಕಟ್ಟಿತ್ತು. ಹುರಿ ಎಲ್ಲಿಗೆ ಹೋಗಿದೆ ಎಂದು ಕಣ್ಣಲ್ಲೇ ಹಿಡಿದುಕೊಂಡು ಹೋದೆ. ಅದು ನನ್ನ ಕಾಲಿನ ಹಿಂದೆ, ನೆಲದ ಮೇಲೆ ಅಂಗಾತ ಬಿದ್ದಿದ್ದ ಭಾವನ ಎಡಗೈ ಮಣಿಕಟ್ಟಿಗೆ ಹೋಗಿತ್ತು.

ನಾನು ಅವರನ್ನು ದಾಟಿಕೊಂಡು ಬಂದಿದ್ದೆ. ಮಲಗಿದ ಮಗುವನ್ನೂ ದಾಟಬೇಡ, ದಾಟಿದರೆ ಹಿಂದಕ್ಕೆ ಹೆಜ್ಜೆ ಇಟ್ಟು ಬಾ ಎಂದು ಹೇಳಿಕೊಟ್ಟ ಮನೆಯಲ್ಲಿ ಹುಟ್ಟಿದವನು ನಾನು. ನನ್ನ ಭಾವನ ಎರಡು ಕಾಲುಗಳನ್ನು ಹಾರಿಕೊಂಡು, ಎಂಜಿನ್ ನೋಡಲು ಹೋಗಿದ್ದೆ. ಅವರಿಗೆ ಎಚ್ಚರವಿತ್ತು. ಕಣ್ಣು ಬಿಟ್ಟುಕೊಂಡೇ ಇದ್ದರು. ಎಲ್ಲ ನೋಡಿದ್ದರು.

"ಎಂಜಿನ್ನಿಗೆ ಏನೂ ಆಗಿಲ್ಲ ಕಣೋ. ನಾನೇ ನಿಲ್ಲಿಸ್ದೆ. ಈಗ ನನ್ನ ಎತ್ತು."

ಬೈಗುಳವಲ್ಲ, ಕೊಂಕಲ್ಲ. ನನ್ನ ಆತಂಕ ನಿವಾರಿಸಲು ಹೇಳಿದ ಹಾಗೆ ಹೇಳಿದರು. ಕ್ಲಚ್ಚು ಬಿಡದಿದ್ದರೆ ಹಾರಿಕೊಳ್ಳುವುದು, ಹಾರಿಕೊಂಡರೆ ಹುರಿ ಜಗ್ಗಿ ತಂತಿ ಕಿತ್ತು ಎಂಜಿನ್ ಸಾಯುವುದು, ಆ ಉಪಾಯವನ್ನು ಅವರು ಬೆಳಿಗ್ಗೆ ಯಾರಿಗೂ ಹೇಳದೆ ಮಾಡಿಕೊಂಡಿದ್ದರು. ಹೇಳಿದ್ದರೆ ನಾನು ಇನ್ನೊಂದು ಸಲ ನಗುತ್ತಿದ್ದೆ. ಎತ್ತಲು ಹೋದರೆ ಅವರ ಬಲಭುಜದ ಮೂಳೆ ಚರ್ಮದ ಕೆಳಗೆ ಎದ್ದು ನಿಂತಿತ್ತು. ವಾಪಸ್ ಬಂದ ಆಳುಗಳು ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಎತ್ತಿದರು.

ಕುರುಬ ಮುದುಕ ಟ್ರಾಕ್ಟರಿನ ಹಿಂದೆ ಕೂತು ತಾನು ಹಾಕಿದ ಸರಪಳಿಯನ್ನು, ಎತ್ತರದ ಕೊಕ್ಕೆಯನ್ನು ನೋಡುತ್ತಲೇ ಇದ್ದ. ಕೆಳಗಿನ ಕೊಂಡಿಗೆ ಕಟ್ಟಿದ್ದರೆ ಮೂತಿ ಹಾಗೆ ಏಳುತ್ತಿರಲಿಲ್ಲ. ಅವನ ಕಣ್ಣಲ್ಲಿ ನೀರು ತುಂಬಿತ್ತು.

"ಆನೆ ಆದ್ರೆ ಭಾರ ಸಿಕ್ಕಿದ ಕೂಡ್ಲೆ ಮಂಡಿ ಮಡಿಚ್ತದೆ, ಇಲ್ಲ ನಿಂತ್ಕೊಳ್ತದೆ. ಇದಕ್ಕೆ ಮಂಡಿ ಇಲ್ಲ," ಎಂದ.

ದೊರೆ ಇಳಿದು ಬಂದು ಭಾವನನ್ನು ನೋಡಿದ, ತನ್ನ ಕಾರಿನಲ್ಲಿ ಆಸ್ಪತ್ರೆಗೆ ಕಳಿಸಲು ಹೇಳಿದ. ಆಮೇಲೆ ಟ್ರಾಕ್ಟರಿನ ಸುತ್ತ ಒಂದು ಸುತ್ತು ಹಾಕಿ, ನನ್ನ ಬೆನ್ನು ತಟ್ಟಿ, ಬಹಳ ಒಳ್ಳೆಯ ಎಂಜಿನ್ ಎಂದ. ಪಲ್ಪಿಂಗ್ ಮನೆ ನನ್ನ ಉಸ್ತುವಾರಿಗೆ ಬಂದದ್ದು ಆ ಒಂದು ಮಾತಿನಿಂದ. ಆ ಕ್ಷಣದಲ್ಲಿ ನನಗೆ ಅವನ ಕೈ ಕಡಿಯಬೇಕೆನಿಸಿತು, ನನ್ನದನ್ನು ಅದಕ್ಕೂ ಮೊದಲು.

ಸಂಜೆ ಭಾವನನ್ನು ಮನೆಗೆ ಕರೆತಂದೆವು. ಭುಜಕ್ಕೂ ಎದೆಗೂ ಸೇರಿಸಿ ಪಟ್ಟಿ ಸುತ್ತಿದ್ದರು. ಆ ಕೈ ಮತ್ತೆ ಹಿಂದಿನಂತೆ ಮೇಲಕ್ಕೆ ಏಳುವುದು ಅನುಮಾನ ಎಂದಿದ್ದರು ಡಾಕ್ಟರು, ಮುಂದೆ ಆದದ್ದೂ ಹಾಗೆಯೇ. ಸುದ್ದಿ ನಮಗಿಂತ ಮೊದಲೇ ಲೈನಿಗೆ ತಲುಪಿತ್ತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅಳಲಿಲ್ಲ. ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು, ಕೆನ್ನೆ ಮುಟ್ಟಿ ನೋಡಿದಳು. ಚಾಪೆಯ ಮೇಲೆ ಅವರನ್ನು ಒರಗಿಸಿ, ನನ್ನ ಕಡೆ ತಿರುಗಿದಳು. ಅವಳು ಕೇಳುವ ಮೊದಲೇ ಎಲ್ಲ ಹೇಳಿಬಿಡಬೇಕೆಂದು ನಾನು ಬಾಯಿ ತೆರೆದೆ. ಹೆಡ್ಡನ್ನು ಹೆಚ್ಚು ತೇದದ್ದು, ಭಾರ ಕಟ್ಟಿಕೊಡದೆ ಹೋದದ್ದು, ಆಳುಗಳ ಎದುರು ಆಡಿದ ಮಾತು, ಕೊನೆಗೆ ದಾಟಿದ್ದು. ಒಂದನ್ನೂ ಹೇಳದೆ ಭಾವನ ಚಾಪೆ ಸರಿಮಾಡಲು ಬಗ್ಗಿದೆ.

ಅವಳು ಗಂಡನನ್ನೇ ಕೇಳಿದಳು, ಬಿದ್ದಾಗ ಹತ್ತಿರ ಯಾರಾದರೂ ಇದ್ದರೋ, ಎಷ್ಟು ಹೊತ್ತು ಹಾಗೇ ಬಿದ್ದಿದ್ದಿರಿ ಎಂದು.

"ಎಲ್ಲಾರೂ ಓಡೋದ್ರು," ಎಂದರು ಭಾವ. "ನಿನ್ ತಮ್ಮ ಒಬ್ನೇ ಕಣೆ ಓಡ್ಬಂದಿದ್ದು. ಮೊದ್ಲು ಬಂದಿದ್ದು ಇವನೇ."

ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ. ಗೋಡೆಯ ಕಡೆ ನೋಡುತ್ತಿದ್ದರು. ಅಕ್ಕನಿಗೆ ಆಗ ಅಳು ಬಂತು. ನನ್ನ ಎರಡು ಕೈಗಳನ್ನೂ ಹಿಡಿದುಕೊಂಡು, ಅಂಗೈಯಲ್ಲಿ ಎದ್ದಿದ್ದ ಬೊಬ್ಬೆಯನ್ನು ನೋಡಿ, ಇವರನ್ನು ಎಳೆಯುವಾಗ ಸುಟ್ಟುಕೊಂಡೆಯೇನೋ ಎಂದು ಕೇಳಿದಳು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅವಳು ಆ ಬೊಬ್ಬೆಗೆ ಬೆಣ್ಣೆ ಸವರಿದಳು. ಆಮೇಲೆ ತಟ್ಟೆ ಇಟ್ಟು, ಆ ಕೈಯಲ್ಲಿ ಕಲಸಲು ಆಗುವುದಿಲ್ಲವೆಂದು ತಾನೇ ಅನ್ನಕ್ಕೆ ತುಪ್ಪ ಹಾಕಿ ಕಲಸಿ ತುತ್ತು ಕೊಟ್ಟಳು. ಭಾವ ಚಾಪೆಯ ಮೇಲೆ ಮಲಗಿ ನೋಡುತ್ತಿದ್ದರು. ನಾನು ಉಂಡೆ.